ಇಲ್ಲದ ರಾಣಿಯ ಉಡಿ

ಕುರನೂರ, ಅಕ್ಕಲಕೋಟ ಸಂಸ್ಥಾನ
ತಾ. ೧೪-೨-೧೯೩೪

ಪ್ರೀತಿಯ ಕಲ್ಯಾಣಣ್ಣನಿಗೆ ತಂಗಿ ಅಕ್ಕನಾಗಮ್ಮನ ಶರಣಾರ್ಥಿ.

ನಿನ್ನ ಮೊಣಕಾಲು ನೋವು ಹೇಗಿದೆ? ಬದಾಮಿ ಸ್ಟೇಷನ್ನಿನಲ್ಲಿ ಹಗಲೆಲ್ಲ ನಿಂತು ಟಿಕೀಟು ನೋಡುವ ಕೆಲಸ ನಿನಗೆ ಆಗಿಬರುವುದಿಲ್ಲವೆಂದು ಅವ್ವ ಇದ್ದಾಗಲೇ ಹೇಳುತ್ತಿದ್ದಳು. ಇಲ್ಲಿ ಎಲ್ಲರೂ ಸೌಖ್ಯ ಎಂದು ಬರೆಯಬೇಕು, ಬರೆದಿದ್ದೇನೆ. ನಿಜ ಹೇಳಲೇ? ನನಗೆ ಸಾಕಾಗಿಹೋಗಿದೆ. ನಮ್ಮ ಮನೆಯವರ ಜ್ವರ ಹದಿನೆಂಟು ದಿನಕ್ಕೆ ಬಿಟ್ಟಿತು. ಈಗ ಎದ್ದು ಹೊಲಕ್ಕೆ ಹೋಗಿ ಬರುತ್ತಾರೆ. ಮಲಗುವ ಸರದಿ ನನ್ನದು, ಆದರೆ ಜೋಳದ ಸುಗ್ಗಿ ಕೇಳಬೇಕಲ್ಲ.

ನೀನು ಕೊಟ್ಟ ಆ ಚಾಲುಕ್ಯರ ಕಾಲದ ಕಾದಂಬರಿಯಿಂದ ಒಂದು ಫಜೀತಿಯಾಗಿದೆ. ಈ ಮನೆಯಲ್ಲಿ ಕನ್ನಡ ಓದಲು ಬರುವುದು ನನಗೊಬ್ಬಳಿಗೇ. ಇವರು ಕಲಿತದ್ದೆಲ್ಲ ಮರಾಠಿ ಶಾಲೆಯಲ್ಲಿ. ಮಧ್ಯಾಹ್ನ ಅತ್ತೆಯ ಹತ್ತಿರ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಕಣ್ಣು ಮಬ್ಬಾದ ಅವರು ಅದನ್ನು ಪುರಾಣವೆಂದೇ ತಿಳಿದರು. ಮೊದಲ ದಿನವೇ ಪುಸ್ತಕಕ್ಕೆ ವಿಭೂತಿ ಹಚ್ಚಿದರು. ಮುಗಿದ ದಿನ ಓಣಿಯ ಹೆಂಗಸರನ್ನು ಕರೆದು, ಕಾಯಿ ಒಡೆಸಿ, ಮಂಗಲ ಮಾಡಿಸಿದರು. ನಾನು ಬಾಯಿ ಬಿಡಲಿಲ್ಲ. ಕಥೆಯೆಂದರೆ ಕೆಲಸ ಬಿಟ್ಟು ಕೂಡುವ ಹಾಗಿರಲಿಲ್ಲ; ಪುರಾಣವಾದ್ದರಿಂದ ದಿನಕ್ಕೊಂದು ತಾಸು ನನ್ನದಾಯಿತು.

ಅದರಲ್ಲಿ ರಾಣಿ ಬದಾಮಿಯ ಗುಹೆಯ ಕಂಬಕ್ಕೊರಗಿ, ಶಿಲ್ಪಿಗಳು ಕೆತ್ತುವುದನ್ನು ನೋಡುತ್ತ ನಿಲ್ಲುತ್ತಾಳಲ್ಲ, ಅದನ್ನು ಓದಿದಾಗಿನಿಂದ ಆ ಕೆಂಪು ಕಲ್ಲನ್ನು ಕಣ್ಣಾರೆ ಕಾಣಬೇಕೆಂದು ಜೀವ ಒದ್ದಾಡುತ್ತಿದೆ. ಹೋಟಗಿಯಲ್ಲಿ ಹತ್ತಿದರೆ ಒಂದೇ ಗಾಡಿ. ಕೇಳಿದಾಗ ಮನೆಯವರು, “ಕಲ್ಲು ನೋಡಾಕ ಬದಾಮಿಗ್ಯಾಕ ಹೋಗಬೇಕು? ನಮ್ಮ ಹೊಲದಾಗ ಏನ್ ಕಡಿಮಿ ಅದಾವು?” ಎಂದು ನಕ್ಕಿದ್ದರು. ನಾನೂ ನಕ್ಕೆ. ಆಮೇಲೆ ಒಲೆಯ ಮುಂದೆ ಕೂತಾಗ ಅಳು ಬಂತು.

ಜ್ವರ ಏರಿದ್ದಾಗ ಅತ್ತೆ ಆ ರಾಣಿಗೇ ಹರಕೆ ಹೊತ್ತರು: “ನನ್ನ ಮಗ ಎದ್ದರ ನಿನ್ನ ಗವಿಗೆ ಸೊಸೀನ್ನ ಕಳಿಸಿ ಉಡಿ ತುಂಬಸ್ತೀನಿ ತಾಯಿ.” ಮಗ ಎದ್ದ. ಹರಕೆ ಉಳಿಸಿಕೊಳ್ಳಬಾರದೆಂದು ಈಗ ಮನೆಯವರೇ ಬರುವ ಸೋಮವಾರ ನನ್ನನ್ನು ಬದಾಮಿಗೆ ಕರೆತರುತ್ತಾರೆ. ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಎಲ್ಲ ಗಂಟು ಕಟ್ಟಿಟ್ಟಾಗಿದೆ. ಆದರೆ ಅಣ್ಣಾ, ಆ ರಾಣಿ ಬರೀ ಕಲ್ಪನೆಯೆಂದು ಮುನ್ನುಡಿಯಲ್ಲೇ ಅಚ್ಚಾಗಿದೆ. ಆ ಪುಟವನ್ನು ನಾನು ಓದಿ ಹೇಳಿರಲಿಲ್ಲ. ಈಗ ಹೇಳಿದರೆ ಹೋಗುವುದು ತಪ್ಪುತ್ತದೆ. ಹೇಳದೆ ಬಂದರೆ ಆ ಕಲ್ಲುಗಳ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ? ಎರಡು ದಿನದಿಂದ ಇದೇ ಯೋಚನೆಯಲ್ಲಿ ರೊಟ್ಟಿ ಸೀಯುತ್ತಿವೆ.

ಅತ್ತಿಗೆಗೆ ನನ್ನ ಶರಣು, ಮಕ್ಕಳಿಗೆ ಮುತ್ತು. ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊ, ಮರೆಯಬೇಡ.

ನಿನ್ನ ತಂಗಿ,
ಅಕ್ಕನಾಗಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ತಡೆಯಲಾರದೆ ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಅವರು ನನ್ನ ಕೆನ್ನೆ ತಡವಿ ಅಂದರು: “ಇಲ್ಲದಾಕಿ ಹೆಸರ್ಲೆ ನನ್ನ ಮಗ ಎದ್ದಾನ. ಆಕಿ ಉಡಿ ನಾವ್ ತುಂಬಲಿಲ್ಲಂದ್ರ ಯಾರ್ ತುಂಬ್ತಾರ? ಹೋಗಿ ಬಾ. ಕಂಬದಾಗ ನಿನ್ನಂಗ ದಣದಾಕಿ ಯಾರರೆ ಕಂಡ್ರ, ಆಕಿ ಮುಂದ ಇಡು.” ಅಣ್ಣಾ, ನೀನು ಆ ಗುಹೆಗಳನ್ನು ಎಷ್ಟೋ ಸಲ ನೋಡಿದವನು. ಅಂಥವಳು ಒಬ್ಬಳಾದರೂ ಇದ್ದಾಳೆಯೇ? ಇದ್ದರೆ ಯಾವ ಕಂಬವೆಂದು ಗುರುತಿಟ್ಟುಕೊ. ಅಂದೇ ತಿರುಗಿ ಗಾಡಿ ಹಿಡಿಯಬೇಕು, ನನಗೆ ಹುಡುಕಲು ಹೊತ್ತು ಸಿಗಲಿಕ್ಕಿಲ್ಲ.