ನಿರಿಗೆಯಿಲ್ಲದ ಝಾಲರಿ

ತಾರೀಖು ೧೪, ಬುಧವಾರ

ಪ್ರೀತಿಯ ಚೂಟಿಗೆ,

ನಿನ್ನ ಚಿಕ್ಕಪ್ಪನ ಆಶೀರ್ವಾದಗಳು. ಕಿಟಕಿಯ ನೆತ್ತಿಗೆ ಝಾಲರಿ ಕಟ್ಟುವ ವಿದ್ಯೆಯನ್ನು ಈ ಭೂಮಿಗೆ ತಂದವನೇ ನಾನು. ಅರಮನೆಗಳಿಂದ ಒಂದೇ ಸಮನೆ ಕರೆ ಬರುತ್ತಿರುವುದರಿಂದ ನಿನ್ನ ಕಾಗದಕ್ಕೆ ಉತ್ತರ ಮೂರು ವಾರ ತಡವಾಯಿತು. ಬೇಜಾರು ಮಾಡಿಕೊಳ್ಳಬೇಡ.

ಹೋದ ಸಲ ನೀನು ನಿನ್ನ ಗಂಡನ ತಾಯಿಯ ಜೊತೆ ಬಂದಾಗ, ನಿನ್ನ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ನಮ್ಮ ಕೋಣೆಯ ಪರದೆ ಸರಳು ನೋಡಿ, "ತುಕ್ಕು ಎದ್ದು ಕಾಣ್ತಿದೆ. ಕಿಟಕಿಗೆ ಹುಬ್ಬೇ ಇಲ್ಲವಲ್ಲ!" ಅಂದರು. ನೀನು ನಕ್ಕಂತೆ ಮಾಡಿ ಮುಖ ಸಣ್ಣಗೆ ಮಾಡಿಕೊಂಡೆ. ಈ ಭಾನುವಾರ ಅವರು ಮತ್ತೆ ಬರುತ್ತಾರೆಂದು ತಿಳಿದ ದಿನವೇ ನಾನು ಬಟ್ಟೆ ಅಂಗಡಿಗೆ ಓಡಿದೆ.

ಎರಡು ಕಿಟಕಿ, ಒಂದು ಮಂಚದ ಅಳತೆ ಹೇಳಿದೆ. ಅಂಗಡಿಯವನು, "ಯಜಮಾನ್ರೆ, ನಿರಿಗೆ ಬೇಕಲ್ಲ, ಎರಡರಷ್ಟು ತಗೊಳ್ಳಿ" ಅಂದ.

"ಯಾರಿಗಪ್ಪ ಟೋಪಿ ಹಾಕ್ತಿದೀಯ? ಲೆಕ್ಕದಲ್ಲಿ ಕ್ಲಾಸಿಗೇ ಫಸ್ಟು ನಾನು!" ಎಂದು ಗದರಿಸಿ, ಅಳತೆಗೆ ತಕ್ಕಷ್ಟೇ ತುಂಡು ಮಾಡಿಸಿ ತಂದೆ. ಕ್ಲಾಸಿನಲ್ಲಿ ಇದ್ದದ್ದು ಇಬ್ಬರೇ ಎಂದು ಅವನಿಗೇಕೆ ಹೇಳಲಿ?

ಚಿಕ್ಕಮ್ಮ ಕಿಟಕಿಗೆ ಹಿಡಿದು ನೋಡಿ, "ಇದೇನ್ರೀ, ಝಾಲರಿನೋ ಅಂಗಡಿ ಬೋರ್ಡೋ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಇನ್ನೊಂದು ತುಂಡು ತರ್ತೀನಿ, ಜೋಡಿಸಿ ಹೊಲಿಯೇ" ಎಂದೆ.

"ಜೋಡಿಸಿದ ಕಡೆಗೇ ಬೀಗಿತ್ತಿ ಕಣ್ಣು ಮೊದಲು ಹೋಗೋದು. ಬೇರೆ ತನ್ನಿ."

ಮತ್ತೆ ಹೋದೆ. ಆ ಪುಣ್ಯಾತ್ಮ ತುಟಿ ಬಿಚ್ಚದೆ ಎರಡರಷ್ಟು ಅಳೆದುಕೊಟ್ಟ. ಬೈದಿದ್ದರೇ ಎಷ್ಟೋ ಚೆನ್ನಾಗಿತ್ತು.

ಚಿಕ್ಕಮ್ಮ ಮೂರು ದಿನ ಮೆಶೀನು ತುಳಿದಳು. ಈಗ ಕಿಟಕಿಗಳ ಮೇಲೆ ನೀಲಿ ನಿರಿಗೆ, ಮಂಚದ ಸುತ್ತ ನೆಲ ಮುಟ್ಟುವ ಝಾಲರಿ. ಮಂಚದಡಿಯ ಎರಡು ಟ್ರಂಕು, ಕೆಟ್ಟ ಫ್ಯಾನು ಎಲ್ಲ ಮಾಯ! ಮೊದಲಿನ ಬಟ್ಟೆ ಒರೆಸುವುದಕ್ಕೆ ಹೋಯಿತು. ತೊಟ್ಟು ನೀರೂ ಹೀರುವುದಿಲ್ಲ. ಆದರೆ ಇಷ್ಟು ಮಿರಿಮಿರಿ ಮಿಂಚುವ ಒರೆಸುವ ಬಟ್ಟೆ ಯಾರ ಮನೆಯಲ್ಲಿದೆ ಹೇಳು?

ಬೀಗಿತ್ತಿಯನ್ನು ಧೈರ್ಯವಾಗಿ ಕರೆದುಕೊಂಡು ಬಾ. ನಗುನಗುತ್ತಾ ನೂರು ಕಾಲ ಬಾಳು.

ನಿನ್ನ ಚಿಕ್ಕಪ್ಪ

ಬರೆಯಲು ಮರೆತದ್ದು: ನಾನು ಊಟವನ್ನೆಲ್ಲ ಹಿಚುಕಿಕೊಂಡು ತಿಂದರೆ ಅತ್ತೆಯ ಮುಂದೆ ನಗಬೇಡ. ಎರಡನೇ ಸಲ ಬಟ್ಟೆ ತಂದದ್ದು, ನನ್ನ ಹಲ್ಲಿನ ಸೆಟ್ಟಿಗೆಂದು ಚಿಕ್ಕಮ್ಮ ಎರಡು ವರ್ಷ ಹೊಲಿದು ಕೂಡಿಸಿಕೊಟ್ಟ ದುಡ್ಡಿನಲ್ಲಿ. ಅವಳಿಗೆ ಡಾಕ್ಟರು ರಜೆಯಲ್ಲಿದ್ದಾರೆ ಅಂದಿದ್ದೇನೆ. ದಿನಾ ಬೆಳಿಗ್ಗೆ "ಬಂದ್ರಂತಾ?" ಎಂದು ಕೇಳುತ್ತಾಳೆ. ಬಟ್ಟೆಗೆ ಮುನ್ನೂರು ಆಯಿತು ಎಂದೂ ಹೇಳಿದ್ದೇನೆ. ನಿನ್ನ ಹತ್ತಿರ ಸುಳ್ಳೇಕೆ ಮಗಳೇ, ನಾಲ್ಕು ಸಾವಿರದ ಎಂಟುನೂರ ಐವತ್ತು.