ಊಟದ ನಡುವೆ ಎತ್ತಿದ ಕೈ

ದೊಡ್ಡಮ್ಮಾ,

ಇದನ್ನು ನಿಮಗೆ ಕಳಿಸುವ ಮುಖ ನನಗಿಲ್ಲ. ಬರೆಯದೆ ಇರಲೂ ಆಗುತ್ತಿಲ್ಲ.

ಹದಿನೆಂಟು ತುಂಬಿ ಅನಾಥಾಶ್ರಮ ಬಿಡುವ ಮೊದಲು ಆರು ತಿಂಗಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಕಲಿಸಿದಿರಿ. ಬ್ಯಾಂಕಿನ ಚೀಟಿ ತುಂಬುವುದು, ಗ್ಯಾಸ್ ಹಚ್ಚುವುದು, ಬಾಡಿಗೆಗೆ ಹಿಡಿಯುವ ಮುಂಚೆ ಕೋಣೆಯ ಚಿಲಕ ಅಲುಗಾಡಿಸಿ ನೋಡುವುದು. ಇನ್ನೊಬ್ಬರ ಮನೆಯಲ್ಲಿ ಉಣ್ಣುವುದು ಹೇಗೆಂಬುದು ಮಾತ್ರ ನಿಮಗೂ ಹೊಳೆದಿರಲಿಲ್ಲ.

ಕನ್ನಡಕದ ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗಿ ಇವತ್ತು ಮಧ್ಯಾಹ್ನ ಊಟಕ್ಕೆ ಕರೆದಿದ್ದಳು. ಮನೆಯಲ್ಲಿ ಇದ್ದದ್ದು ಮೂರೇ ಜನ. ನನಗೆ ಇನ್ನೊಂದಿಷ್ಟು ಅನ್ನ ಬೇಕಿತ್ತು. ಆಶ್ರಮದ ಊಟದ ಸಾಲಿನಲ್ಲಿ ಅರವತ್ತು ಹುಡುಗಿಯರು ಗದ್ದಲ ಮಾಡಬಾರದೆಂದು ನೀವು ಮಾಡಿದ್ದ ನಿಯಮದಂತೆ, ಬಾಯಿ ಮುಚ್ಚಿಕೊಂಡು ಎಡಗೈ ಎತ್ತಿ ಕೂತುಬಿಟ್ಟೆ! ಅವಳ ಅಣ್ಣ ಬಿದ್ದು ಬಿದ್ದು ನಕ್ಕ.

"ಇದೇನೇ ಹುಡುಗಿ, ಸ್ಕೂಲ್ ಅಂದ್ಕೊಂಡ್ಯಾ?" ಎಂದು ಅವಳ ತಾಯಿಯೂ ನಕ್ಕರು.

"ನಮ್ಮಮ್ಮ ಹೀಗೇ ಕಲಿಸಿದ್ದು," ಎಂದೆ. ಅಷ್ಟರಮಟ್ಟಿಗೆ ಅದು ಸುಳ್ಳಲ್ಲ.

"ಎಷ್ಟು ಶಿಸ್ತಾಗಿ ಬೆಳೆಸಿದ್ದಾರೆ! ಮುಂದಿನ ಸಲ ಅವರನ್ನೂ ಕರ್ಕೊಂಡು ಬಾ."

ನೀವು ಬಂದರೆ, ನಾನು ಎಲ್ಲಿಂದ ಬಂದವಳೆಂದು ಅವರಿಗೆ ಗೊತ್ತಾಗಿಬಿಡುತ್ತದೆ. ತಲೆ ತಗ್ಗಿಸಿ, "ಅಮ್ಮ ಹೋದ ವರ್ಷ ತೀರ್ಕೊಂಡ್ರು," ಎಂದುಬಿಟ್ಟೆ.

ಆಮೇಲೆ ಯಾರೂ ನಗಲಿಲ್ಲ. ಆ ತಾಯಿ ನನ್ನ ತಲೆ ಸವರಿ, ನಾನು ಕೈ ಎತ್ತದಿದ್ದರೂ ಮತ್ತೆ ಮತ್ತೆ ಬಡಿಸಿದರು. ತಟ್ಟೆಯಲ್ಲಿ ಒಂದಗುಳೂ ಬಿಡಬಾರದೆಂದು ನೀವು ಹೇಳುತ್ತಿದ್ದಿರಲ್ಲ, ಬಿಡಲಿಲ್ಲ ದೊಡ್ಡಮ್ಮಾ.