ಚುಕ್ಕೆಯ ಮುಂಚಿನ ಪದ

ಮಾರ್ಚ್ 3, ಬೆಳಿಗ್ಗೆ 9.40
ಬ್ಯಾಕಪ್ ಮುಗಿಯಿತು. ಎರಡನೇ ಕಾಫಿ. ರಾಯಪುರಂ ಕ್ಲಿನಿಕ್ಕಿನ ಈ ಕಂಪ್ಯೂಟರ್ ರೂಮಿಗೆ ಬಂದು ಹನ್ನೊಂದು ವರ್ಷ. ಇನ್ನೂ ಬೇಸರವಾಗಿಲ್ಲ.

ಕೌಂಟರಿನ ಮಾಧವಿ ಬಂದಳು. ಮುಖ ಸಪ್ಪಗಿತ್ತು. ಅರುಳಪ್ಪನ್ ಎಂಬ ಮೀನುಗಾರರು ಹತ್ತು ದಿನದಿಂದ ಮಾತ್ರೆಗೆ ಬಂದಿಲ್ಲವಂತೆ. ಹೋದ ಸಲ ಇವಳು, ಫಿಟ್ಸ್ ಮಾತ್ರೆಯಾ ಎಂದು ಕ್ಯೂಗೆಲ್ಲ ಕೇಳುವಂತೆ ಕೇಳಿಬಿಟ್ಟಳಂತೆ. ಅವರು ಚೀಟಿ ಮಡಚಿ ಹೊರಟೇಹೋದರಂತೆ.

ಸ್ಕ್ರೀನಿನಲ್ಲಿ ಕಂಡಿತು, ಓದಿದೆ ಎಂದಳು. ಕೌಂಟರಿನ ಸ್ಕ್ರೀನಿನಲ್ಲಿ ಕಾಯಿಲೆಯ ಹೆಸರು ಕಾಣಲೇಬಾರದು!

ಮಾರ್ಚ್ 3, ಸಂಜೆ
ಸಿಕ್ಕಿತು. ಗುಟ್ಟಾಗಿಡಬೇಕಾದ ಪ್ರತಿ ಫೈಲಿಗೂ ಒಂದು ಗುರುತು ಅಂಟಿಸಿರುತ್ತೇವೆ. ಆ ಗುರುತು ಕಂಡರೆ ಕೌಂಟರಿನ ಪ್ರೋಗ್ರಾಂ ಫೈಲನ್ನು ತೋರಿಸುವುದಿಲ್ಲ. ಹೋದ ತಿಂಗಳು ಹಾಕಿದ ಹೊಸ ಪ್ರೋಗ್ರಾಂ ಮೂವತ್ತೇಳು ಗುರುತುಗಳನ್ನು ಕಸವೆಂದು ಅಳಿಸಿದೆ.

ಅಳಿಸಲು ಬಿಟ್ಟದ್ದು ಗುರುತಿನ ಹೆಸರೇ. ಹೆಸರಿನ ನಡುವೆ ಒಂದು ಚುಕ್ಕೆ ಇರುತ್ತದೆ. ಅದರ ಮುಂಚೆ 'ಯೂಸರ್' ಎಂದಿದ್ದರೆ, ಫೈಲಿನಲ್ಲಿ ಬರೆಯಬಲ್ಲ ಯಾರು ಬೇಕಾದರೂ ಅದನ್ನು ಅಳಿಸಬಹುದು. 'ಸೆಕ್ಯೂರಿಟಿ' ಎಂದಿದ್ದರೆ ಸಿಸ್ಟಂ ನೋಡಿಕೊಳ್ಳುವವರಿಗೆ ಮಾತ್ರ ಸಾಧ್ಯ. ಒಂದೇ ಪದದ ವ್ಯತ್ಯಾಸ.

'ಯೂಸರ್' ಎಂದು ಇಟ್ಟವಳು ನಾನೇ. ಎಂಟು ವರ್ಷದ ಹಿಂದೆ. ಸುಲಭ ಅಂತ...

ಮಾರ್ಚ್ 4
ಬೆಳಿಗ್ಗೆಯೇ ಡಾ. ಶಂಕರನಾರಾಯಣರ ಹತ್ತಿರ ಹೋದೆ. ಕ್ಲಿನಿಕ್ ಅವರದು. ತಪ್ಪು ಪ್ರೋಗ್ರಾಂನದು ಎನ್ನಬಹುದಿತ್ತು. ನಂಬುತ್ತಿದ್ದರು ಕೂಡ. ಹಾಗೆ ಹೇಳಲು ಬಾಯಿ ಬರಲಿಲ್ಲ. ಎಲ್ಲ ಕೇಳಿಸಿಕೊಂಡು ಅವರು ಹೇಳಿದರು:

"ಫೈಲ್ ಸರಿ ಮಾಡೋದು ಇವತ್ತೇ ಆಗುತ್ತೆ, ಉಮಾ ಅವರೇ. ಆ ಮನುಷ್ಯ ಮಾತ್ರೆ ಇಲ್ದೆ ಕಡಲಿಗೆ ಹೋಗ್ತಿದಾನಲ್ಲ, ಅದಕ್ಕೇನ್ ಮಾಡೋಣ?"

ಮಧ್ಯಾಹ್ನದೊಳಗೆ ಮೂವತ್ತೇಳು ಫೈಲಿಗೂ 'ಸೆಕ್ಯೂರಿಟಿ' ಹೆಸರಿನ ಹೊಸ ಗುರುತು ಅಂಟಿಸಿದೆ. ಕೌಂಟರಿನಿಂದ ಅಳಿಸಿ ನೋಡಿದೆ — ಆಗಲಿಲ್ಲ. ಅರುಳಪ್ಪನ್‌ಗೆ ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಮನೆಯಲ್ಲಿ ತೇಜಶ್ರೀಗೆ, ಯಾರೆಂದು ಹೇಳದೆ, ನಡೆದದ್ದು ಹೇಳಿದೆ. ನನ್ನ ಮಗಳು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲೇ ಉತ್ತರ. "ನೇರ್ಲ ಪೋಯ್ ಸಾರಿ ಸೊಲ್ಲುಮ್ಮಾ." ಖುದ್ದಾಗಿ ಹೋಗಿ ಕ್ಷಮೆ ಕೇಳಬೇಕಂತೆ. ಹದಿನಾರು ವರ್ಷದವಳಿಗೆ ಎಲ್ಲವೂ ಸಲೀಸು. ಆದರೂ ಸರಿಯಾಗೇ ಹೇಳಿದಳು.

ಮಾರ್ಚ್ 5
ಹೋದೆ. ಡಾಕ್ಟರು ಕೊಟ್ಟ ಮಾತ್ರೆ ಬ್ಯಾಗಿನಲ್ಲಿತ್ತು. ಅರುಳಪ್ಪನ್ ಮನೆ ಮುಂದೆ ಬಲೆ ಹೆಣೆಯುತ್ತಿದ್ದರು. ಹೆಂಡತಿ ಟೀ ಕೊಟ್ಟರು. ಆಕೆಯ ಎದುರು ನಾನು ವಿಷಯ ಎತ್ತಲಿಲ್ಲ. ಅರುಳಪ್ಪನ್ ಅವರೇ ಎದ್ದು ನನ್ನನ್ನು ಬೀದಿಯ ತುದಿಗೆ ಕರೆದುಕೊಂಡು ಹೋದರು.

ಹೆಂಡತಿಗೆ ಗೊತ್ತಿಲ್ಲವಂತೆ. ಬಿ.ಪಿ. ಮಾತ್ರೆ ಅಂದುಕೊಂಡಿದ್ದಾಳಂತೆ. ದೋಣಿಯವರಿಗೆ ತಿಳಿದರೆ ಹತ್ತಿಸಿಕೊಳ್ಳುವುದಿಲ್ಲ ಎಂಬ ಭಯ. ಗುರುತು ಅಳಿಸಿಹೋದದ್ದನ್ನು ಹೇಳಿ, ತಪ್ಪು ಮಾಧವಿಯದಲ್ಲ, ನನ್ನದು ಎಂದೆ. ಕ್ಷಮೆ ಕೇಳಿದೆ. ಬೈಯಲಿಲ್ಲ. ಇಷ್ಟೇ ಹೇಳಿದರು:

"ಎನ್ ವಿಷಯತ್ತೆ ನಾನ್‌ದಾನ್ ಸೊಲ್ಲಣುಂ."

ನನ್ನ ವಿಷಯ ನಾನೇ ಹೇಳಬೇಕು ಅಂತ. ಮಾತ್ರೆ ತೆಗೆದುಕೊಂಡರು. ಡಾಕ್ಟರು ನೋಡುವ ತನಕ ಕಡಲಿಗೆ ಇಳಿಯಬೇಡಿ ಎಂದೆ. ಮಾತ್ರೆ ಜೇಬಿಗಿಟ್ಟು ಬಲೆಯ ಹತ್ತಿರ ಹಿಂತಿರುಗಿದರು.

ಮಾರ್ಚ್ 14, ಬೆಳಿಗ್ಗೆ 11.15
ಬಂದಿದ್ದಾರೆ! ಹೆಂಡತಿಯೂ ಜೊತೆಗೆ. ಭಾನುವಾರ ಚರ್ಚಿನಿಂದ ನಡೆದು ಬರುತ್ತ ತಾವೇ ಆಕೆಗೆ ಹೇಳಿದರಂತೆ. ಆಕೆ ಎರಡು ದಿನ ಮಾತು ಬಿಟ್ಟರಂತೆ — ಕಾಯಿಲೆಗಲ್ಲ, ಮುಚ್ಚಿಟ್ಟದ್ದಕ್ಕೆ. ಈ ಒಂಬತ್ತು ದಿನ ದಡದಲ್ಲೇ ಬಲೆ ಕೆಲಸ ಮಾಡಿದರಂತೆ.

ನನ್ನ ರೂಮಿಗೂ ಬಂದರು. ಗುರುತು ಎಲ್ಲಿದೆ, ತೋರಿಸಿ ಎಂದರು. ತೋರಿಸಿದೆ. ಇನ್ನು ಬೇಕೋ ಬೇಡವೋ, ನೀವು ಹೇಳಿದ ಹಾಗೆ ಎಂದೆ. ತುಸು ಯೋಚಿಸಿ, ಇರಲಿ ಎಂದರು. ಕೌಂಟರಿಗೆ ಕಾಣುವುದು ಬೇಡ, ಡಾಕ್ಟರ ರೂಮಿಗೆ ಹೆಂಡತಿ ಮಾತ್ರ ಜೊತೆಗೆ ಬರಲಿ ಅಂತ.

ಈಗ ಇಬ್ಬರೂ ಡಾಕ್ಟರ ಹತ್ತಿರ. ಬಾಗಿಲು ಹಾಕಿಕೊಂಡಿದೆ. ಮಾಧವಿಗೆ ಇವತ್ತು ನೆಮ್ಮದಿ. ನನಗೂ. ಗೋಡೆಯಾಚೆ ಆಕೆ ಜೋರಾಗಿ ನಕ್ಕದ್ದು ಕೇಳಿಸಿತು. ಏನು ಹೇಳಿದರೋ — ಇರಲಿ, ಅದು ನನಗೆ ಕೇಳಿಸಬೇಕಾದ್ದಲ್ಲ.